ಒದೀಲ್ ನಿದ್ದೆಹೋದ ಭಾನುವಾರ

ಒಂಬತ್ತೇ ಮೇಜುಗಳ ಆ ಪುಟ್ಟ ಬಿಸ್ಟ್ರೋ ಹೋಟೆಲನ್ನು ಒದೀಲ್ ಮತ್ತು ಅವಳ ತಂಗಿ ಮಿರೇಯ್ ಇಬ್ಬರೇ ನಡೆಸುತ್ತಿದ್ದರು. ಮೊದಲೆಲ್ಲ ಭಾನುವಾರ ರಜೆ. ಮೂರು ವರ್ಷದ ಹಿಂದೆ ಅವರ ನಾಂತ್ ಊರಿಗೂ ಬ್ರಂಚಿನ ಗೀಳು ಹತ್ತಿತು. ಜನ ತಡವಾಗಿ ಎದ್ದು, ತಿಂಡಿ ಊಟ ಎರಡನ್ನೂ ಒಟ್ಟಿಗೇ ಮುಗಿಸತೊಡಗಿದರು. ಆಗ ಮಿರೇಯ್ ಹುರುಪಿನಿಂದ ಭಾನುವಾರವೂ ಬಾಗಿಲು ತೆರೆಸಿದಳು. ಅಂದಿನಿಂದ ಒದೀಲ್‌ಗೆ ದಣಿವು ಆರಿದ್ದೇ ಇಲ್ಲ.

ಈ ಭಾನುವಾರ ಮಿರೇಯ್ ಜ್ವರದಿಂದ ಮಲಗಿದ್ದಳು. ಒದೀಲ್ ಒಬ್ಬಳೇ ಒಲೆಗೂ ಮೇಜಿಗೂ ಓಡಾಡಿದಳು. ಹನ್ನೊಂದೂವರೆಗೆ ಎಲ್ಲ ಮೇಜುಗಳೂ ತುಂಬಿದವು. ಮೊಣಕಾಲು ಕಿತ್ತು ಬರುತ್ತಿತ್ತು.

ಟ್ರಾಮ್ ಓಡಿಸಿ ನಿವೃತ್ತನಾಗಿದ್ದ ಲೆ ಗೋಫ್ ಕಿಟಕಿ ಬದಿಯಿಂದ ಕೈಯೆತ್ತಿದ. ಏನಾದರೊಂದು ತಕರಾರು ತೆಗೆಯದೆ ಅವನಿಗೆ ಕಾಫಿ ಇಳಿಯುತ್ತಿರಲಿಲ್ಲ.

"ಮದಾಮ್, ಇದು ಮೊಟ್ಟೇನಾ ಕಲ್ಲಾ? ಹಳದಿ ಹರೀಬೇಕು ಅಂದಿದ್ನಲ್ಲ!"

"ಹೇಳಿ, ಕೂತ್ಕೊಂಡೇ ಕೇಳ್ತೀನಿ," ಎಂದು ಒದೀಲ್ ಅವನೆದುರಿನ ಕುರ್ಚಿಗೆ ಕುಸಿದಳು. ಅವನ ತಕರಾರು ಮೊಟ್ಟೆಯಿಂದ ಬ್ರೆಡ್ಡಿಗೆ ಬರುವಷ್ಟರಲ್ಲಿ ಅವಳ ಕಣ್ಣು ಮುಚ್ಚಿಹೋಗಿತ್ತು.

ಎಚ್ಚರವಾದಾಗ ಗಡಿಯಾರದ ಮುಳ್ಳು ಹನ್ನೆರಡೂವರೆ ದಾಟಿತ್ತು. ಭುಜದ ಮೇಲೆ ಯಾರದೋ ಕೋಟು. ಜನ ಪಿಸುಮಾತಿನಲ್ಲಿ ಮಾತಾಡುತ್ತ ತಿನ್ನುತ್ತಿದ್ದರು. ತಿನ್ನಲು ಬಂದಿದ್ದ ಔಷಧಿ ಅಂಗಡಿಯ ಮದಾಮ್ ತೆರ್ನಿಜಿಯನ್ ಸದ್ದಾಗದಂತೆ ಕಾಫಿ ಬಗ್ಗಿಸುತ್ತಿದ್ದಳು. ಒದೀಲ್‌ಳ ಮುಖ ನಾಚಿಕೆಯಿಂದ ಬಿಸಿಯಾಯಿತು. ಅಡುಗೆಮನೆಗೆ ನುಗ್ಗಿದಳು. ಅಲ್ಲಿ ಅವಳದೇ ಏಪ್ರನ್ ಕಟ್ಟಿಕೊಂಡ ಲೆ ಗೋಫ್ ತೆಳು ದೋಸೆಯಂಥ ಕ್ರೆಪ್ ಹುಯ್ಯುತ್ತಿದ್ದ.

"ಯಾರ್ ಹೇಳಿದ್ರು ನಿಮಗೆ?"

"ಯಾರೂ ಹೇಳ್ಲಿಲ್ಲ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ, ಜನಕ್ಕೆ ಹಸಿವು ತಡೀಲಿಲ್ಲ. ನಿಂತ್ಕೊಂಡು ಜಗಳ ಆಡ್ಬೇಡಿ, ಕೂತ್ಕೊಂಡು ತಿನ್ನಿ."

ಕ್ರೆಪ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸೀದಿತ್ತು. ಬೇರೆ ದಿನವಾಗಿದ್ದರೆ ಕಸದ ಬುಟ್ಟಿಗೆ ಹಾಕುತ್ತಿದ್ದಳು. ಇವತ್ತು ಸ್ಟೂಲಿನ ಮೇಲೆ ಕೂತು ಪೂರ್ತಿ ತಿಂದಳು. ಇನ್ನೊಬ್ಬರು ಮಾಡಿಕೊಟ್ಟಿದ್ದನ್ನು ತಾನು ಕೊನೆಯ ಸಲ ತಿಂದದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ತಟ್ಟೆ ಬದಿಗಿಟ್ಟು ತಂಗಿಗೆ ಫೋನ್ ಮಾಡಿದಳು.

"ಮಿರೇಯ್, ಬೇಜಾರು ಮಾಡ್ಕೋಬೇಡ ಕಣೇ. ಇನ್ಮೇಲೆ ಭಾನುವಾರ ನನ್ ಕೈಲಾಗಲ್ಲ."

ಆ ಕಡೆ ಕೆಮ್ಮು. "ಒಂದ್ ವರ್ಷದಿಂದ ಇದನ್ನೇ ಹೇಳ್ಬೇಕು ಅಂತಿದ್ದೆ ಅಕ್ಕಾ. ಹುರುಪಿನಿಂದ ಶುರು ಮಾಡ್ಸಿದ್ದು ನಾನೇ ಅಲ್ವಾ, ಯಾವ ಬಾಯಲ್ಲಿ ಹೇಳೋದು?"

"ನೀನು ನೊಂದ್ಕೋತೀಯ ಅಂತ ನಾನೂ ಬಾಯ್ಮುಚ್ಕೊಂಡಿದ್ದೆ."

"ಎಂಥಾ ಪೆದ್ದರು ನಾವು!"

ಇಬ್ಬರೂ ನಕ್ಕರು. ಒದೀಲ್‌ಗೆ ನಗುತ್ತಲೇ ಅಳು ಬಂತು.

ಮೂರು ಗಂಟೆಗೆ ಕೊನೆಯ ಗಿರಾಕಿ ಹೋದ ಮೇಲೆ ಅವಳು ಶಟರ್ ಎಳೆದು, ಸೂಪಿನ ಡಬ್ಬಿ ಹಿಡಿದು, ಕಾಲೆಳೆಯುತ್ತ ತಂಗಿಯ ಮನೆ ಕಡೆ ನಡೆದಳು. ತೊಳೆಯದ ಪಾತ್ರೆಗಳು ತೊಟ್ಟಿಯಲ್ಲೇ ಉಳಿದವು.