ಕಂಬಳಿ ಹೊದ್ದ ಊಟಿ ಗಿಡ

ಕೊಟ್ಟೂರಿನ ಬಿಸಿಲಿಗೆ ಹಪ್ಪಳ ಒಣಹಾಕಿದರೆ ಎಣ್ಣೆಯ ಹಂಗಿಲ್ಲದೆ ತಾನೇ ಕರಿದುಕೊಂಡು ಉಬ್ಬುತ್ತದೆ. ಅಂಥ ಊರಿಗೆ ದಾಕ್ಷಾಯಣಮ್ಮನ ಅಳಿಯ ಅರುಣಕುಮಾರ್ ಊಟಿಯಿಂದ ಒಂದು ಆರ್ಕಿಡ್ ಗಿಡ ತಂದುಕೊಟ್ಟ. ಮೈಸೂರಿನಲ್ಲಿದ್ದ ಅವನೂ ಹೆಂಡತಿ ಅಮೃತಾಳೂ ಊಟಿ ನೋಡಲು ಹೋದಾಗ ಕೊಂಡದ್ದು. ತಂದಾಗ ಅದರಲ್ಲೊಂದು ದಂಟು ತುಂಬ ಹೂವಿತ್ತು. ಒಂದೊಂದೂ ಅಂಗೈಯಗಲ, ನಸುಗೆಂಪು ತುಟಿ. ವಾರಗಟ್ಟಲೆ ಬಾಡಲೇ ಇಲ್ಲ. ಅದನ್ನು ನೋಡಲು ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಮೂರೂ ಊರು ಮನೆಗೆ ಬೀಗ ಜಡಿದು ಬಂದಿದ್ದವೆಂದು ದಾಕ್ಷಾಯಣಮ್ಮ ಹೇಳುತ್ತಿದ್ದಳು. ಬಂದವರು ಹಾಲು ಮಾರುವ ಎರ್ರಮ್ಮ ಮತ್ತು ಪಕ್ಕದ ಮನೆಯ ಮುನ್ನೀ ಬೀ, ಇಬ್ಬರೇ.

ಹೂವು ಉದುರಿದ ಮೇಲೆ ಗಿಡ ಮುನಿಸಿಕೊಂಡಿತು. ಎರಡು ಚಳಿಗಾಲ ಹೋದರೂ ಜೋಳದ ಸೊಪ್ಪೆಯ ಹಾಗೆ ಎಲೆ ಬಿಟ್ಟಿತೇ ಹೊರತು ಹೂವಿನ ಸುಳಿವಿಲ್ಲ.

ದಾಕ್ಷಾಯಣಮ್ಮ ಆರೈಕೆಯಲ್ಲಿ ಏನೂ ಕಡಿಮೆ ಮಾಡಿರಲಿಲ್ಲ. ದೂರದೂರಿನಿಂದ ಬಂದ ಹೆಣ್ಣು, ಮೈತುಂಬ ಹೂವು ಹೆತ್ತು ಸೊರಗಿದೆ; ಅಂದ ಮೇಲೆ ಅದು ಬಾಣಂತಿಯಲ್ಲದೆ ಇನ್ನೇನು? ಬೆಳಿಗ್ಗೆ ಉಗುರುಬೆಚ್ಚಗಿನ ನೀರು. ಸಂಜೆ ಲೋಬಾನದ ಹೊಗೆ. ಕತ್ತಲಾಗುತ್ತಲೇ ಒಲೆಯ ಮೇಲುಗಡೆಯ ಕಿಂಡಿಯಲ್ಲಿ ಕೂರಿಸಿ, ಗಾಳಿಯಾಡದಂತೆ ಕರಿಕಂಬಳಿ ಹೊದಿಸುವುದು. ಮಲಗುವ ಮುಂಚೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು. ಆ ಘಾಟಿಗೆ ಆಚೆ ಮನೆಯಲ್ಲಿ ಮುನ್ನೀ ಬೀಯ ಗಂಡ ಯೂಸುಫ್ ಸಾಬ್ ಹನ್ನೆರಡು ತಿಂಗಳೂ ಕೆಮ್ಮುತ್ತಿದ್ದ.

ಕಿಂಡಿಯೆಂದರೆ ಎರಡು ಮನೆಗಳ ನಡುವಿನ ದಪ್ಪ ಗೋಡೆಯಲ್ಲಿ ಒಂದು ಕೊಡ ಸಲೀಸಾಗಿ ಹಾಯುವಷ್ಟು ದೊಡ್ಡ ತೂತು. ಅಮೃತಾ ಹುಟ್ಟಿದಾಗ ದಾಕ್ಷಾಯಣಮ್ಮನಿಗೆ ತವರಿನ ಆಸರೆ ಇರಲಿಲ್ಲ. ಬಿಸಿನೀರು, ಕೆಂಡದ ಬಾಣಲಿ ಹಿಡಿದು ಮುನ್ನೀ ಬೀ ಬೀದಿ ಸುತ್ತಿ ಬರುವುದನ್ನು ನೋಡಲಾರದೆ ಗಂಡ ಕರಿಸಿದ್ದಪ್ಪ ಈ ಕಡೆಯಿಂದ, ಯೂಸುಫ್ ಸಾಬ್ ಆ ಕಡೆಯಿಂದ ಗೋಡೆ ಒಡೆದಿದ್ದರು. ಕರಿಸಿದ್ದಪ್ಪ ಈಗಿಲ್ಲ, ಕಿಂಡಿ ಇದೆ. ಸಕ್ಕರೆ, ಸಾರು, ಊರ ಸುದ್ದಿ ಎಲ್ಲ ಅದರಲ್ಲೇ ಹಾಯುತ್ತವೆ. ಫೋನು ಇದ್ದದ್ದೂ ಯೂಸುಫ್ ಸಾಬನ ಮನೆಯಲ್ಲಿ. ಭಾನುವಾರ ಅಮೃತಾ ಫೋನು ಮಾಡಿದರೆ ಮುನ್ನೀ ಬೀ ರಿಸೀವರನ್ನು ಕಿಂಡಿಯಲ್ಲಿ ತೂರಿಸಿ ಕೊಡುತ್ತಿದ್ದಳು.

ಆ ವರ್ಷ ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಅಳಿಯನೇ ಮಾತಾಡಿದ.

"ಅತ್ತೀ, ಅದು ತಂಪಿನ ಗಿಡ. ಹಗಲು ತೆಳ್ಳನ ನೆಳ್ಳಾಗ ಇಡ್ರಿ. ರಾತ್ರಿ ಚಳಿ ಹತ್ತಿದ್ರನ ಅದು ಹೂವಿನ ದಂಟು ಬಿಡೋದು. ಹೊರಗ ಇಡ್ರಿ."

ದಾಕ್ಷಾಯಣಮ್ಮ ಹೂಂ ಅಂದು ರಿಸೀವರನ್ನು ವಾಪಸು ಕೊಟ್ಟಳು.

"ಗಂಡಸ್ರಿಗೆ ಬಾಣಂತನ ಏನ್ ತಿಳೀತೈತಿ?"

ಅಳಿಯನ ದನಿ ಓಣಿಗೇ ಕೇಳಿಸುವಷ್ಟಿತ್ತು. ಮುನ್ನೀ ಬೀ ಬಿಡಲಿಲ್ಲ. "ಅಕ್ಕಾ, ಅವ್ರು ಹೇಳೋದು ಖರೇ ಐತಿ. ಚಳಿಯಾಗ ಹುಟ್ಟಿದ್ದಕ್ಕ ಕಂಬಳಿ ಯಾಕ? ಇವತ್ತು ಒಂದ್ಸಲ ಅಂಗಳದಾಗ ಇಟ್ಟು ನೋಡು."

"ನೀನು ನಿನ್ನ ಸೊಸೀನ್ನ ಅಂಗಳದಾಗ ಮಲಗ್ಸು ಹೋಗು. ನನ್ನ ಗಿಡಕ್ಕ ಕೈ ಹಚ್ಚೀದಿ ಅಂದ್ರ ನೋಡು ಮುನ್ನಿ!"

"ತೌಬಾ! ನಾನ್ಯಾಕ ಹಚ್ಚಲಿ?" ಎಂದು ಮುನ್ನೀ ಬೀ ಸೆರಗು ಸರಿಮಾಡಿಕೊಂಡು ಹೋದಳು. ಹೋಗುವಾಗ ಗಿಡದ ಕಡೆ ಒಮ್ಮೆ ನೋಡಿದಳು. ದಾಕ್ಷಾಯಣಮ್ಮ ಆ ನೋಟವನ್ನು ಗುರುತಿಟ್ಟುಕೊಂಡಳು.

ಅಂದಿನಿಂದ ಒಂದೊಂದೇ ವಿಚಿತ್ರ. ಬೆಳಿಗ್ಗೆ ಕಂಬಳಿ ತೆಗೆದರೆ ಕುಂಡದಲ್ಲಿ ಮಣ್ಣಿನ ಬದಲು ತುಂಬಿದ್ದ ಇಟ್ಟಿಗೆ ಚೂರು, ಇದ್ದಿಲು ಎಲ್ಲ ಬಾವಿನೀರಿನಷ್ಟು ತಣ್ಣಗಿರುತ್ತಿದ್ದವು. ರಾತ್ರಿಯಿಡೀ ಒಲೆಯ ಬಿಸಿ ತಿಂದದ್ದು ತಣ್ಣಗೆ ಯಾಕಿರಬೇಕು? ಅವಳು ಕಂಬಳಿಯ ಚುಂಗನ್ನು ಯಾವಾಗಲೂ ಎಡಕ್ಕೆ ಸಿಕ್ಕಿಸುವವಳು. ಬೆಳಿಗ್ಗೆ ಅದು ಬಲಕ್ಕಿರುತ್ತಿತ್ತು. ಒಂದು ದಿನ ಎಲೆಗಳ ನಡುವೆ ಒಣಹುಲ್ಲಿನ ಎಳೆ ಸಿಕ್ಕಿತು. ಮೂಸಿದಳು. ತನ್ನ ಮನೆಯ ವಾಸನೆಯಲ್ಲ.

ಇನ್ನೊಂದು, ಆಚೆ ಮನೆಯಿಂದ ಬರುವ ಗರ್ ಎಂಬ ಸದ್ದು. ಯೂಸುಫ್ ಸಾಬ್ ಮೋಟರು, ಕೂಲರು ರಿಪೇರಿ ಮಾಡುವವನು. ಚಳಿಗಾಲದಲ್ಲಿ ಹೊಸಪೇಟೆಯಿಂದ ಹಳೇ ಕೂಲರು ತಂದು ಬೇಸಿಗೆಗೆ ಸಿದ್ಧಮಾಡುತ್ತಿದ್ದ. ಹಗಲು ಸದ್ದಾದರೆ ಸರಿ. ನಾಯಿಗಳೇ ಒಂದರ ಮೈಮೇಲೊಂದು ಬಿದ್ದು ಮಲಗುವ ಮಾಗಿ ಚಳಿಯಲ್ಲಿ, ಕತ್ತಲಾದ ಮೇಲೆ ಯಾವ ಹುಚ್ಚ ಕೂಲರು ಹಾಕಿಕೊಳ್ಳುತ್ತಾನೆ?

ಎಲ್ಲಕ್ಕಿಂತ ಮುನ್ನೀ ಬೀಯ ಹೊಸ ಅಕ್ಕರೆ.

"ಅಕ್ಕಾ, ಊಟ ಆತಾ? ಕಟ್ಟಿ ಕಡಿಗೆ ಹೋಗ್ತೀಯಾ ಎರ್ರಮ್ಮನ ಕೂಡ ಮಾತಾಡಾಕ?"

ಕಟ್ಟೆಯ ಮೇಲೆ ಕೂತ ದಾಕ್ಷಾಯಣಮ್ಮ ಎರ್ರಮ್ಮನ ಕಿವಿಯಲ್ಲಿ ಹೇಳಿದಳು. "ಮೂವತ್ತು ವರ್ಷದಾಗ ಒಂದಿನಾನೂ ಕೇಳಿದಾಕಿ ಅಲ್ಲ. ಈಗ ದಿನಾ ಕೇಳ್ತಾಳ. ಯಾಕಿರಬೌದು?"

"ಮೊಳಕಿ ಚಿವುಟಿ ತನ್ನ ಕುಂಡಕ್ಕ ಹಚ್ಚಿಕೊಳ್ಳಾಕತ್ಯಾಳ ಬಿಡು," ಎಂದಳು ಎರ್ರಮ್ಮ. ಹಾಲಿಗೆ ನೀರು ಬೆರೆಸಿದಷ್ಟೇ ಸಲೀಸಾಗಿ ಮನಸ್ಸಿಗೆ ಹುಳಿ ಬೆರೆಸುವವಳು ಅವಳು.

ಮರುದಿನ ಸಂಜೆ ದಾಕ್ಷಾಯಣಮ್ಮ ಗಿಡಕ್ಕೆ ಕಂಬಳಿ ಹೊದಿಸಿ, "ಕಟ್ಟಿ ಕಡಿಗೆ ಹೊಂಟೆ" ಎಂದು ಕುಡ್ಲಿಗಿಗೂ ಕೇಳಿಸುವಂತೆ ಕೂಗಿ, ಮುಂಬಾಗಿಲನ್ನು ದಡಾರನೆ ಹಾಕಿದಳು. ಹಾಕಿದ್ದು ಒಳಗಿನಿಂದ. ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆಗೆ ಬಂದು ಜೋಳದ ಚೀಲದ ಹಿಂದೆ ಕೂತಳು.

ಸ್ವಲ್ಪ ಹೊತ್ತಿಗೆ ಕಿಂಡಿಯಲ್ಲಿ ಬಳೆ ಸದ್ದಾಯಿತು. ಎರಡು ಕೈಗಳು ಬಂದು ಕಂಬಳಿ ಸರಿಸಿ ಗಿಡವನ್ನು ಆಚೆಗೆ ಎಳೆದುಕೊಂಡವು. ಅದೇ ಕೈಗಳು ಆ ಜಾಗದಲ್ಲಿ ಇನ್ನೇನನ್ನೋ ಇಟ್ಟು, ಕಂಬಳಿ ಹೊದಿಸಿ, ಚುಂಗನ್ನು ಬಲಕ್ಕೆ ಸಿಕ್ಕಿಸಿ ಮಾಯವಾದವು.

ದಾಕ್ಷಾಯಣಮ್ಮ ಎದ್ದು ಕಂಬಳಿ ಎತ್ತಿದಳು. ಮಣ್ಣಿನ ಕೊಡ. ಕೊಡದ ಬಾಯಲ್ಲಿ ಎಲೆಗಳ ಬದಲಿಗೆ ತಲೆಕೆಳಗಾಗಿ ನಿಲ್ಲಿಸಿದ ಕಸಬರಿಗೆ!

ಇಷ್ಟು ದಿನ ಮಲಗುವ ಮುಂಚೆ ಬೆನ್ನು ಸವರಿದ್ದು ಈ ಕೊಡಕ್ಕೆ. ಎಷ್ಟು ಕೆಟ್ಟ ಕಣ್ಣು ಬಿದ್ದಿವೆಯೋ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದು ಈ ಕಸಬರಿಗೆಗೆ!

ಕಿಂಡಿಯಲ್ಲಿ ತಲೆ ತೂರಿಸಿದಳು. ಆಚೆ ಪಡಸಾಲೆಯಲ್ಲಿ ಒಣಹುಲ್ಲಿನ ಪರದೆಯ ಹಳೇ ಕೂಲರು ಗರ್ ಎನ್ನುತ್ತಿತ್ತು. ಅದರ ಮುಂದೆ ಸ್ಟೂಲಿನ ಮೇಲೆ ಗಿಡ, ಒದ್ದೆ ಗಾಳಿಗೆ ಎಲೆ ಅಲ್ಲಾಡಿಸುತ್ತ ನಿಂತಿತ್ತು. ಯೂಸುಫ್ ಸಾಬ್ ಮಂಕಿ ಟೋಪಿ ಹಾಕಿಕೊಂಡು ಮೂಲೆಯಲ್ಲಿ ಮುದುಡಿದ್ದ.

"ಕೊಲಿ ಮಾಡಾಕತ್ತೀರೇನ್ರಲೇ ನನ್ನ ಬಾಣಂತೀನ್ನ!"

ಮುನ್ನೀ ಬೀಯ ಕೈಯ ಚಹಾದ ಲೋಟ ಕೆಳಗೆ ಬಿತ್ತು. "ಅಕ್ಕಾ... ಹೇಳಿದ್ರ ನೀನು ಕೇಳ್ತಿದ್ದಿಲ್ಲ... ಬೆಳಗಿನ ನಮಾಜಿಗೆ ಎದ್ದಾಗ ವಾಪಸ್ ಇಡ್ತಿದ್ದೆ..."

"ಕಳ್ಳಿ! ನನ್ನ ಗಿಡ ಕೊಂದು, ಆಮ್ಯಾಲ ಅಯ್ಯೋ ಪಾಪ ಅನ್ನಾಕ ಬರೋಳಿದ್ದಿ! ಕೊಡು ಇತ್ಲಾಗ!"

ಯೂಸುಫ್ ಸಾಬ್ ಸೀನಿ ಹೇಳಿದ. "ಅಕ್ಕಾವ್ರ, ಸಾಯಾಕತ್ತಿದ್ದು ನಾನ್ರಿ. ಗಿಡ ಚಲೋನ ಐತ್ರಿ."

ಭಾನುವಾರ ಬೆಳಿಗ್ಗೆ ಗಾರೆ ಕೆಲಸದ ಹುಲುಗಣ್ಣ ಸಿಮೆಂಟು ಕಲಸಿಕೊಂಡು ಬಂದ. ಕಿಂಡಿ ನೋಡಿ ತಲೆ ಕೆರೆದುಕೊಂಡ.

"ಯವ್ವಾ, ಯಜಮಾನ್ರು ಒಡೆದಿದ್ದು. ಖರೇನ ಮುಚ್ಚಲೇನು?"

"ಇರುವಿ ಹಾಯಬಾರ್ದು, ಹಂಗ ಮುಚ್ಚು."

ದಾಕ್ಷಾಯಣಮ್ಮ ಗಿಡವನ್ನು ಕಂಬಳಿಯ ಸಮೇತ ತೊಡೆಯ ಮೇಲಿಟ್ಟುಕೊಂಡು ಕೂತಳು. ಒಂದು ಸಾಲು ಇಟ್ಟಿಗೆ ಕೂತಿತು. ಆಚೆ ಕಡೆ ಮುನ್ನೀ ಬೀಯ ಹೊಟ್ಟೆ, ಎದೆ, ಮುಖ ಕಾಣುತ್ತಿದ್ದುದು ಬರೀ ಎದೆ, ಮುಖವಾಯಿತು. ಅವಳು ಜಾಗ ಬಿಟ್ಟು ಕದಲಲಿಲ್ಲ. ಎರಡನೇ ಸಾಲು ಕೂತಾಗ ಮುಖ ಮಾತ್ರ ಉಳಿಯಿತು. ಆ ಮುಖದ ಮೂಗು ಕೆಂಪಾಗಿತ್ತು. ದಾಕ್ಷಾಯಣಮ್ಮ ನೋಡದವಳಂತೆ ನೋಡಿದಳು. ಚಳಿಗೆ ಕೆಂಪಾಗಿದ್ದೀತು, ನಾಟಕವೂ ಆಗಿದ್ದೀತು.

ಅಷ್ಟರಲ್ಲಿ ಆಚೆ ಫೋನು ಬಡಿದುಕೊಂಡಿತು. ಮುನ್ನೀ ಬೀ ಎತ್ತಿ, ಇಟ್ಟಿಗೆಯ ಮೇಲಿಂದ ರಿಸೀವರನ್ನು ಚಾಚಿದಳು.

"ಅಮೃತಾ."

"ನಾನು ಮನಿಯಾಗಿಲ್ಲ ಅನ್ನು."

"ಇಲ್ಲ ಅಂತಾಳ ನಿಮ್ಮವ್ವ," ಎಂದು ಮುನ್ನೀ ಬೀ ಫೋನಿಗೆ ಹೇಳಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಕಿಂಡಿ ಮುಚ್ಚಸಾಕತ್ಯಾಳವ್ವ. ಇನ್ನ ಮ್ಯಾಲೆ ನೀನು ಮಾಡಿದ್ರೂ ನಾನು ಯಾವ್ಕಡೆಯಿಂದ ಕೊಡ್ಲಿ?"

ದಾಕ್ಷಾಯಣಮ್ಮ ಮುಖ ತಿರುಗಿಸಿದಳು. ಕೈಗೊಂದು ಕೆಲಸ ಬೇಕಿತ್ತು. ಚಿವುಟಿದ ಗುರುತು ಸಿಕ್ಕರೆ ಎಲ್ಲರ ಮುಂದೆ ಎತ್ತಿ ಹಿಡಿಯೋಣವೆಂದು ಕಂಬಳಿಯೊಳಗೆ ಬೆರಳು ತೂರಿಸಿ ಎಲೆಗಳ ಬುಡ ತಡಕಾಡಿದಳು. ಒಂದು ಎಲೆಯ ಕಂಕುಳಲ್ಲಿ ಏನೋ ತಗುಲಿತು.

ಹೊಸ ಎಲೆ ಮೂಡುವಾಗ ಈಳಿಗೆಯ ಅಲಗಿನಂತೆ ಚಪ್ಪಟೆ ಇರುತ್ತದೆ, ಅದು ಅವಳಿಗೆ ಎರಡು ವರ್ಷದ ಪಾಠ. ಇದು ದುಂಡಗಿತ್ತು. ಕೋಳಿಮರಿಯ ಕೊಕ್ಕಿನಂತೆ ಮೊಂಡು ತುದಿ.

ಮೊದಲು ಅನುಮಾನವೇ ಬಂತು. ಇವಳು ಹುರುಳಿಕಾಯಿ ತಂದು ಸಿಕ್ಕಿಸಿರಬೇಕು! ಕೊಡಕ್ಕೆ ಕಸಬರಿಗೆ ಸಿಕ್ಕಿಸಿದವಳಿಗೆ ಇದೇನು ಹೆಚ್ಚು? ಮೆಲ್ಲಗೆ ಅಲ್ಲಾಡಿಸಿದಳು. ಬರಲಿಲ್ಲ. ಬುಡ ಗಿಡದ್ದೇ.

"ಕೊಡು ಇಲ್ಲಿ ಫೋನು," ಎಂದಳು. "ಅಳಿಯಂದ್ರಿಗೆ ಕೊಡವ್ವ ಅಮೃತಾ... ಅರುಣಪ್ಪಾ, ಬುಡದಾಗ ದುಂಡಗ ಒಂದು ಬಂದೈತಿ. ಎಲಿ ಅಲ್ಲ. ಏನಿದು?"

ಆ ಕಡೆ ಅಳಿಯ ಕುಣಿದಿರಬೇಕು. "ಅತ್ತೀ, ಹೂವಿನ ದಂಟು ಅದು! ಕೊಟ್ಟೂರಾಗ ಬಂತಾ? ರಾತ್ರಿ ಚಳಿಗೆ ಇಟ್ಟಿದ್ರಾ?"

ಹುಲುಗಣ್ಣ ಕರಣೆ ಹಿಡಿದು ನಿಂತ. ಯೂಸುಫ್ ಸಾಬ್ ಸೀನು ತಡೆದುಕೊಂಡ. ಮುನ್ನೀ ಬೀ ಇಟ್ಟಿಗೆಯ ಮೇಲಿಂದ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ದಾಕ್ಷಾಯಣಮ್ಮ ಅವಳ ಕಣ್ಣಿಗೆ ಕಣ್ಣು ಕೊಟ್ಟೇ ಫೋನಿಗೆ ಹೇಳಿದಳು:

"ಹೂನಪ್ಪ. ನಾನ ಇಟ್ಟಿದ್ದೆ. ನೀನು ಹೇಳಿದ್ದಿಲ್ಲೇನು?"

"ಯಾ ಅಲ್ಲಾ!" ಮುನ್ನೀ ಬೀಯ ಬಾಯಿ ಕಿಂಡಿಯಷ್ಟೇ ಅಗಲವಾಯಿತು. "ಕಳ್ಳಿ ನಾನಾ, ನೀನಾ?"

ದಾಕ್ಷಾಯಣಮ್ಮ ರಿಸೀವರ್ ವಾಪಸು ಕೊಟ್ಟಳು. "ಹುಲುಗಣ್ಣ, ಹಸಿ ಇರಾಗನ ಕಿತ್ತಿ ಹಾಕು ಆ ಇಟ್ಟಿಗಿ. ಮ್ಯಾಲೊಂದು ಸಾಲೂ ಒಡಿ. ಹೂವಿನ ದಂಟು ಹಾಯುವಾಗ ಮುರಿದೀತು."

"ಅಂದ್ರ ಅಕ್ಕಾ, ದಿನಾ ಸಂಜಿಕಿ ಕೊಡ್ತೀಯಾ? ನನ್ನ ನಂಬಿದಿ?"

"ಕೂಲರ್‌ನ ನಂಬೀನಿ. ನಿನ್ನ ಸುದ್ದಿ ಹೂವು ಬಿಟ್ಟ ಮ್ಯಾಲೆ ನೋಡೂಣು."

ಆ ಸಂಜೆ ಗಿಡ ಕಂಬಳಿಯಿಲ್ಲದೆ ಕಿಂಡಿ ದಾಟಿ ಕೂಲರಿನ ಮುಂದೆ ಕೂತಿತು. ಕಂಬಳಿ ದಾಕ್ಷಾಯಣಮ್ಮನ ಮೈಮೇಲಿತ್ತು. ಬೀದಿ ಸುತ್ತಿ ಬಂದು, ಯೂಸುಫ್ ಸಾಬನ ಮಂಕಿ ಟೋಪಿಯನ್ನೂ ಕಿತ್ತುಕೊಂಡು, ಗಿಡದ ಪಕ್ಕದಲ್ಲೇ ಮಣೆ ಹಾಕಿಕೊಂಡಿದ್ದಳು. ಹಲ್ಲು ಕಟಕಟ ಎನ್ನುತ್ತಿದ್ದವು. ಮುನ್ನೀ ಬೀ ಬಿಸಿ ಚಹಾ ತಂದಿಟ್ಟಳು.

"ಮನಿಗೆ ಹೋಗಿ ಮಲಕ್ಕೋ ಅಕ್ಕಾ. ನಿಂಗ ನೆಗಡಿ ಆಗ್ತೈತಿ."

ದಾಕ್ಷಾಯಣಮ್ಮ ಚಹಾ ಮೂಸಿದಳು, ಅವಳ ಮುಖ ನೋಡಿದಳು, ಆಮೇಲೆ ಕುಡಿದಳು.

"ನಾನು ಮಲಗಿದ ಮ್ಯಾಲೆ ಇಲ್ಲಿ ಕಸಬರಿಗಿ ಇಡಾಕೇನು?"