ತೊಳೆದು ತಂದ ಕಾರು

ಅತ್ತಿಗೆ ಕಾರು ಓಡಿಸಲು ಕಲಿತದ್ದು ಐವತ್ತು ದಾಟಿದ ಮೇಲೆ. ಮಂಡಿನೋವಿನಿಂದ ಅಣ್ಣನಿಗೆ ದೂರ ಓಡಿಸುವುದು ಕಷ್ಟವಾದಾಗ, ಯಾರನ್ನೂ ಕೇಳದೆ ಹೋಗಿ ಡ್ರೈವಿಂಗ್ ಶಾಲೆಗೆ ಸೇರಿಬಿಟ್ಟರು. ಆಮೇಲೆ ನಮ್ಮ ಹಳೆಯ ಕಾರಿಗೆ ಬೀದಿಯ ಅರ್ಧ ಜನ ಹತ್ತಿಳಿದರು. ಎದುರುಮನೆಯ ಹೊಲಿಗೆಯಾಕೆಗೆ ಸೊಂಟದ ಆಪರೇಷನ್ ಆದಾಗ ವಾರವಾರವೂ ಆಸ್ಪತ್ರೆಗೆ ಕರೆದೊಯ್ದವರು ಅತ್ತಿಗೆಯೇ. ಆಕೆ ಒರಗಿಕೊಳ್ಳಲೆಂದು ಹಿಂದಿನ ಸೀಟಿನಲ್ಲಿಟ್ಟ ದಿಂಬು ಅಲ್ಲೇ ಉಳಿಯಿತು.

ಕಾರು ತಡವರಿಸತೊಡಗಿದ್ದು ಹೋದ ಬೇಸಿಗೆಯಲ್ಲಿ. ಮನೆಯಿಂದ ಹೊರಡುವಾಗ ಹೂವಿನಂತೆ ಹೊರಡುತ್ತಿತ್ತು. ಊರಿನ ಆ ಬದಿಯ ಏರುರಸ್ತೆ ಹತ್ತಿ ದೊಡ್ಡ ಸರ್ಕಲ್ಲಿಗೆ ಬರುವ ಹೊತ್ತಿಗೆ, ಆಕ್ಸಿಲರೇಟರ್ ಒತ್ತಿದರೂ ಒಂದು ಗಳಿಗೆ ಏನೂ ಆಗದು. ಆಮೇಲೆ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಮುಂದಕ್ಕೆ ನೆಗೆಯುವುದು. ಪಕ್ಕದಲ್ಲಿ ಕೂತ ನನಗೂ ಅದು ಚೆನ್ನಾಗಿ ಗೊತ್ತಾಗುತ್ತಿತ್ತು.

"ನಿನ್ನ ಕಾಲೇ ತಡವರಿಸ್ತಿದೆ, ಕಾರಲ್ಲ," ಎಂದು ಅಣ್ಣ ಅತ್ತಿಗೆಗೆ ಹೇಳಿದ.

"ಇಲ್ಲ ಕಣೋ, ನಾನೂ ನೋಡಿದೀನಿ," ಎಂದೆ ನಾನು.

"ಸೈಕಲ್ಲೂ ಬರದೋಳು ನೀನು, ಸಾಕ್ಷಿ ಬೇರೆ ಹೇಳ್ತೀಯ."

ಮರುದಿನ ಬೆಳಿಗ್ಗೆ ಮಂಡಿಗೆ ಪಟ್ಟಿ ಕಟ್ಟಿಕೊಂಡು ಬೀದಿಗೆ ಒಂದು ಸುತ್ತು ಹಾಕಿ ಬಂದ. ಕಾರು ಚೂರೂ ತಕರಾರು ಮಾಡಲಿಲ್ಲ. ಗೆದ್ದವನಂತೆ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಒಳಗೆ ಬಂದ.

ನಮ್ಮ ಬೀದಿಯ ತಿರುವಿನಲ್ಲೇ ಗ್ಯಾರೇಜು. ಅತ್ತಿಗೆ ಅಲ್ಲಿಗೂ ಹೋದರು. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದ, ಪ್ಲಗ್ ಬಿಚ್ಚಿ ಒರೆಸಿದ, ಫಿಲ್ಟರ್ ಬದಲಾಯಿಸಿದ. ಮತ್ತೆ ಹೋದಾಗ ನಕ್ಕುಬಿಟ್ಟ.

"ಅಮ್ಮಾ, ಗಡಿಯಾರದ ಥರ ಓಡ್ತಿದೆ. ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರಾ ಹೇಗೆ?"

ಅತ್ತಿಗೆ ಅವನಿಗೊಂದು ನಮಸ್ಕಾರ ಹೇಳಿ ಬಂದರು.

ಆಮೇಲೊಂದು ದಿನ ಅದೇ ಸರ್ಕಲ್ಲಿನ ನಟ್ಟನಡುವೆ ಕಾರು ನಿಂತೇಹೋಯಿತು. ಹಿಂದೆ ಬಸ್ಸು. ಡ್ರೈವರು ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಹೂ ಮಾರುವವಳೊಬ್ಬಳು ಬುಟ್ಟಿ ಕೆಳಗಿಟ್ಟು ಬಂದು ನನ್ನ ಜೊತೆ ಕಾರು ತಳ್ಳಿದಳು. ಸ್ವಲ್ಪ ಹೊತ್ತು ಬಿಟ್ಟು ಅತ್ತಿಗೆ ಕೀಲಿ ತಿರುಗಿಸಿದರೆ ಏನೂ ಆಗದ ಹಾಗೆ ಹೊರಟಿತು. ಮನೆಗೆ ಬಂದವರೇ ಕೀಲಿಯನ್ನು ಅಣ್ಣನ ಮುಂದಿಟ್ಟರು.

"ನೀವು ಹೇಳಿದ್ದೇ ಸರಿ ಇರಬೇಕು. ಯಾರಿಗಾದ್ರೂ ಏನಾದ್ರೂ ಆಗೋ ಮುಂಚೆ ಬಿಟ್ಟುಬಿಡೋದು ವಾಸಿ."

ಅಣ್ಣ ಅವತ್ತು ತಮಾಷೆ ಮಾಡಲಿಲ್ಲ. ಬಿಡಬೇಡ ಅನ್ನಲೂ ಇಲ್ಲ. ಹೊಲಿಗೆಯಾಕೆ ಆಟೋದಲ್ಲಿ ಹೋಗಿಬರತೊಡಗಿದಳು.

ಚಳಿಗಾಲದಲ್ಲಿ ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕಾಗಿ ಬಂತು. ಅಣ್ಣ ಹಲ್ಲು ಕಚ್ಚಿಕೊಂಡು ತಾನೇ ಓಡಿಸಿದ. ಬರುವಾಗ ದೊಡ್ಡ ಸರ್ಕಲ್ಲಿನಲ್ಲಿ ಕಾರು ಒಮ್ಮೆ ಉಸಿರು ಹಿಡಿದಂತಾಗಿ ನೆಗೆಯಿತು. ಅಣ್ಣ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ಸರ್ಕಲ್ ದಾಟಿದ ಮೇಲೆ ಮತ್ತೆ ನೆಗೆಯಿತು.

"ಇದನ್ನೇನಾ ಅವಳು ಹೇಳ್ತಿದ್ದದ್ದು?"

"ಇದನ್ನೇ."

ಅವನು ಮನೆಯ ಮುಂದೆ ನಿಲ್ಲಿಸಲಿಲ್ಲ. ಕುಂಟುತ್ತಿದ್ದ ಕಾರನ್ನು ಹಾಗೇ ಗ್ಯಾರೇಜಿಗೆ ನುಗ್ಗಿಸಿದ. "ಎಂಜಿನ್ ಆಫ್ ಮಾಡ್ಬೇಡಿ ಸಾರ್," ಎನ್ನುತ್ತ ಮೆಕ್ಯಾನಿಕ್ ಓಡಿಬಂದ. ಕಿವಿಗೊಟ್ಟು ಕೇಳಿದ. ಬಟ್ಟೆಯೊಂದನ್ನು ನೀರಲ್ಲಿ ಅದ್ದಿ ಹಿಂಡಿ, ಕಿಡಿಗೆ ಕರೆಂಟು ಕಳಿಸುವ ಕಾಯಿಲ್ ಮೇಲೆ ಹೊದಿಸಿದ. ಆವಿ ಎದ್ದಿತು. ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಸದ್ದು ಸಮವಾಯಿತು. ಬಟ್ಟೆ ತೆಗೆದ, ಕಾಯಿಲ್ ಕಾದಂತೆ ಮತ್ತೆ ತಡವರಿಕೆ.

"ಕಾಯಿಲ್ ಸಾರ್. ಕಾದ್ರೆ ಒಳಗಿನ ತಂತಿ ಬಿಟ್ಕೊಳ್ಳುತ್ತೆ, ತಣ್ಣಗಾದ್ರೆ ಕೂಡ್ಕೊಳ್ಳುತ್ತೆ. ಅಮ್ಮ ತಂದಾಗೆಲ್ಲ ಕಾರು ತಣ್ಣಗೆ ಮಂಜುಗಡ್ಡೆ ಥರ ಇರ್ತಿತ್ತು. ನಾನು ಇಲ್ಲೇ ಆ ಮರದ ತನಕ ಓಡಿಸಿ ನೋಡಿ ವಾಪಸ್ ಕೊಡ್ತಿದ್ದೆ. ಬಿಸಿ ಇರುವಾಗ್ಲೇ ಯಾಕೆ ತರಲಿಲ್ವೋ."

ಯಾಕೆಂದು ನನಗೆ ಗೊತ್ತಿತ್ತು. ಗ್ಯಾರೇಜಿಗೆ ಹೋಗುವ ಹಿಂದಿನ ಸಂಜೆಯೇ ಅತ್ತಿಗೆ ಕಾರು ತೊಳೆಯುತ್ತಿದ್ದರು. ರಾತ್ರಿಯಿಡೀ ಆರಲು ಬಿಟ್ಟು ಬೆಳಿಗ್ಗೆ ಒಯ್ಯುತ್ತಿದ್ದರು. ನಾನೊಮ್ಮೆ ಕೇಳಿದ್ದಕ್ಕೆ, "ಬಿಸಿ ಎಂಜಿನ್ನಿಗೆ ಕೈ ಹಾಕಿದ್ರೆ ಪಾಪ ಅವನ ಕೈ ಸುಡುತ್ತಮ್ಮ. ಮೊಣಕೈ ತನಕ ಸುಟ್ಟ ಕಲೆ ನೋಡಿದೀಯಾ?" ಎಂದಿದ್ದರು.

ಅದನ್ನು ಹೇಳಿದೆ. ಮೆಕ್ಯಾನಿಕ್ ತನ್ನ ತೋಳನ್ನೇ ನೋಡಿಕೊಂಡ. ಆಮೇಲೆ ಅಂಗಿಯ ತೋಳು ಕೆಳಗಿಳಿಸಿಕೊಂಡು ಗುಂಡಿ ಹಾಕಿದ.

"ನಾನು ಬೇರೆ ಕ್ಲಚ್ಚು ಗಿಚ್ಚು ಅಂದುಬಿಟ್ಟೆ," ಎಂದ.

ಹೊಸ ಕಾಯಿಲ್ ಹಾಕಿಸಿದ ಮೇಲೆ ಮೆಕ್ಯಾನಿಕ್ ತಾನೇ ಕಾರು ತಂದು ಬಿಟ್ಟ. ತೊಳೆದು ತಂದಿದ್ದ. ಬಾಗಿಲಲ್ಲೇ ನಿಂತು ಅತ್ತಿಗೆಗೆ ಎಲ್ಲ ಹೇಳಿದ. "ಕಂಪ್ಲೇಂಟು ಕಾರಿಂದೇ ಅಮ್ಮಾ. ನಿಮ್ದಲ್ಲ."

"ಹೌದಾ? ಸದ್ಯ," ಎಂದು ಅತ್ತಿಗೆ ಅವನಿಗೆ ಕುಡಿಯಲು ನೀರು ತಂದುಕೊಟ್ಟರು.

ಸಂಜೆ ಅಣ್ಣ ಕೀಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ. "ಹೊರಡು, ಸರ್ಕಲ್ ತನಕ ಹೋಗಿಬರೋಣ."

"ಈಗ್ಯಾಕ್ರೀ?"

"ಸುಮ್ನೆ."

ಅತ್ತಿಗೆ ಓಡಿಸಿದರು, ನಾನು ಪಕ್ಕದಲ್ಲಿ. ಅಣ್ಣ ಹೊಲಿಗೆಯಾಕೆಯ ದಿಂಬಿಗೆ ಒರಗಿ ಹಿಂದೆ ಕೂತ. ಏರುರಸ್ತೆಯನ್ನು ಕಾರು ಒಂದೇ ಉಸಿರಿಗೆ ಹತ್ತಿತು. ಸರ್ಕಲ್ಲಿನಲ್ಲಿ ಹಸಿರು ದೀಪ ಬಂತು. ಅತ್ತಿಗೆ ಕನ್ನಡಿಯಲ್ಲಿ ಹಿಂದಿನ ಬಸ್ಸನ್ನೇ ನೋಡುತ್ತಿದ್ದರು. ಹಾರ್ನ್ ಕೇಳಿಸಿತು. ಬೆಚ್ಚಿಬಿದ್ದು ಕಾರನ್ನು ಸರ್ಕಲ್ ದಾಟಿಸಿ ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು.

"ನೀವೇ ತಗೊಳ್ಳಿ."

"ಯಾಕೆ? ಚೆನ್ನಾಗೇ ಓಡಿಸ್ದೆಯಲ್ಲ."

"ಕಾರು ಚೆನ್ನಾಗಿದೆ ರೀ. ಈಗ ಯಾರು ಹಾರ್ನ್ ಹೊಡೆದ್ರೂ ನನ್ನದೇ ತಪ್ಪು ಅನ್ನಿಸುತ್ತೆ. ಮುಂಚೆ ಹಾಗಿರಲಿಲ್ಲ."

ಅಣ್ಣ ಇಳಿದು, ಕಾರಿನ ಮೈ ಹಿಡಿದುಕೊಂಡು ಮುಂದಕ್ಕೆ ಬಂದ. ಅವನು ಕೂತಮೇಲೆ ಅತ್ತಿಗೆ ಆ ದಿಂಬನ್ನು ತೆಗೆದು ಅವನ ಬೆನ್ನಿಗೆ ಸರಿಯಾಗಿ ಒತ್ತಿಟ್ಟು, "ಮಂಡಿಗೆ ಭಾರ ಬೀಳದ ಹಾಗೆ ಕೂತ್ಕೊಳ್ಳಿ," ಎಂದರು.

ಕಾರು ಈಗ ಎಷ್ಟೇ ಬಿಸಿಯಾದರೂ ಸಲೀಸಾಗಿ ಓಡುತ್ತದೆ. ಭಾನುವಾರ ಅಣ್ಣನೇ ಕುಂಟುತ್ತ ಅದನ್ನು ತೊಳೆಯುತ್ತಾನೆ. ತೊಳೆದು, ಕೀಲಿಯನ್ನು ಅತ್ತಿಗೆಯ ಕನ್ನಡಕದ ಡಬ್ಬಿಯ ಮೇಲಿಟ್ಟು, ಪೇಪರು ಹಿಡಿದು ಕೂರುತ್ತಾನೆ. ಅತ್ತಿಗೆ ಕನ್ನಡಕ ತೆಗೆದುಕೊಳ್ಳಲು ಬಂದು, ಕೀಲಿಯನ್ನು ಸದ್ದಾಗದಂತೆ ಮೊಳೆಗೆ ನೇತುಹಾಕಿ ಹೋಗುತ್ತಾರೆ.