ಎಡಗೆನ್ನೆ

ಮಗುವನ್ನು ಕೈಗೆ ತೆಗೆದುಕೊಂಡವಳು ಮೊದಲು ಅದರ ನೆತ್ತಿ ಮೂಸಿದಳು, ಆಮೇಲೆ ಕುತ್ತಿಗೆಯ ಮಡಿಕೆ, ಕಡೆಗೆ ಎಡಗೆನ್ನೆ. ಹಾಲು, ಬೆವರು, ಬಿಸಿಲಿಗೆ ಒಣಗಿದ ಬಟ್ಟೆ. ಬೇರೆ ಯಾವ ವಾಸನೆಯೂ ಇರಲಿಲ್ಲ. ಅದೇ ಅವಳಿಗೆ ಸರಿಕಾಣಲಿಲ್ಲ. ಸಂಜೆ ಆರರ ಹೊತ್ತಿಗೆ ಮಗು ಇಷ್ಟು ಚೊಕ್ಕಟವಾಗಿದೆ ಎಂದರೆ ಯಾರೋ ಈಗಷ್ಟೇ ಒರೆಸಿರಬೇಕು. ಒರೆಸುವಂಥದ್ದು ಏನಿತ್ತು?

ಕೆಳಮನೆ ಅಕ್ಕ ಬಾಗಿಲಲ್ಲಿ ನಿಂತು ಮಗುವಿನ ಚೀಲ ನೀಡಿದರು.

“ಅಕ್ಕಾ, ಇವತ್ತು ಮುಖಕ್ಕೆ ಏನಾದ್ರೂ ಹಚ್ಚಿದ್ರಾ?”

“ನೀರು ಮುಟ್ಟಿಸಿದೆ, ಅಷ್ಟೇ. ನೀನೇ ಬೇಡ ಅಂದಿದ್ದೀಯಲ್ಲಮ್ಮ.”

ಮೆಟ್ಟಿಲು ಹತ್ತುತ್ತ ಅವಳು ಆ ಮಾತನ್ನು ಮಗುಚಿ ಹಾಕಿ ನೋಡಿದಳು. ನೀನೇ ಬೇಡ ಅಂದಿದ್ದೀಯ. ಅಂದರೆ, ಬೇಡ ಅನ್ನದಿದ್ದರೆ ಹಚ್ಚುತ್ತಿದ್ದರು.

ಕೆಂಪು ಕಾಣಿಸಿಕೊಂಡು ಎರಡು ವಾರವಾಗಿತ್ತು. ಮೊದಲು ಉಗುರಿನಷ್ಟಿದ್ದದ್ದು ಈಗ ಎಡಗೆನ್ನೆಯ ತುಂಬ ಹರಡಿ, ಚರ್ಮ ಒರಟಾಗಿ ಸಣ್ಣಗೆ ಸಿಪ್ಪೆ ಏಳುತ್ತಿತ್ತು. ಬಲಗೆನ್ನೆ ಮಾತ್ರ ಮೊದಲಿನ ಹಾಗೇ ಬೆಣ್ಣೆ. ಹದಿನಾಲ್ಕು ತಿಂಗಳ ಮಗು. ನಿಂತಲ್ಲೇ ಎರಡು ಸುತ್ತು ಸುತ್ತಿ ದೊಪ್ಪೆಂದು ಕೂರುತ್ತದೆಂದು ಅದರ ಅಪ್ಪ ಬುಗುರಿ ಎಂದು ಕರೆಯುತ್ತಿದ್ದ. ಹಲ್ಲು ಬರುವಾಗ ಜೊಲ್ಲು ಸುರಿದು ಹೀಗಾಗುತ್ತದೆ ಎಂದ ಅವನು. ಜೊಲ್ಲು ಒಂದೇ ಕಡೆ ಸುರಿಯುತ್ತದೆಯೇ ಎಂದು ಅವಳು ಕೇಳಿದಳು.

ಉತ್ತರ ಅವಳ ಬಳಿಯೇ ಇತ್ತು. ಕೆಲಸಕ್ಕೆ ಮರಳುವ ದಿನ ಮಗುವನ್ನು ಒಪ್ಪಿಸುತ್ತ ಅವಳು ಅಕ್ಕನಿಗೆ ಎಲ್ಲ ಬಿಡಿಸಿ ಹೇಳಿದ್ದಳು. ಪೌಡರು ಬೇಡ, ಉಸಿರಿಗೆ ಹೋಗುತ್ತದೆ. ಘಮಘಮ ಅನ್ನುವ ಸೋಪು ಬೇಡ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ, ಮೆತ್ತಗೆ ಒತ್ತಿ ಒರೆಸಿ, ಚರ್ಮ ಒಣಗಿದ್ದರೆ ಮಾತ್ರ ಚೀಲದಲ್ಲಿರುವ ಲೋಷನ್ನು. ತಂಗಿಯ ನಾಲ್ಕು ಮಕ್ಕಳನ್ನು ಸಾಕಿದ್ದ ಅಕ್ಕ ಕೊನೆಯವರೆಗೆ ಕೇಳಿಸಿಕೊಂಡು, “ಹಾಗಾದ್ರೆ ನಾವೆಲ್ಲ ಹೇಗೆ ಬದುಕಿ ಉಳಿದ್ವೋ ಏನೋ” ಎಂದು ನಕ್ಕಿದ್ದರು. ಆ ನಗು ಅವಳ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಲೋಷನ್ ಬಾಟಲಿಯ ಮೇಲೆ ಅವಳು ಪೆನ್ನಿನಲ್ಲಿ ಗೆರೆ ಎಳೆದಳು. ಮೊದಲ ವಾರ ಗೆರೆಗಿಂತ ಒಂದು ಬೆರಳು ಕೆಳಗಿಳಿದಿತ್ತು. ಇಷ್ಟೊಂದು ಯಾಕೆ ಬಳಿಯುತ್ತಾರೆ ಎನ್ನಿಸಿತು. ಎರಡನೆಯ ವಾರ ಗೆರೆ ಇದ್ದಲ್ಲೇ ಇತ್ತು. ಹಾಗಾದರೆ ಬೇರೇನೋ ಹಚ್ಚುತ್ತಿದ್ದಾರೆ. ಗಂಡ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, “ಇಳಿದ್ರೂ ತಪ್ಪು, ಇಳೀದಿದ್ರೂ ತಪ್ಪು. ಪಾಪ, ಆ ಅಕ್ಕ ಇದರಲ್ಲಿ ಏನು ಮಾಡಿದ್ರೆ ಪಾಸಾಗ್ತಾರೆ?” ಎಂದ. ಅವಳು ನಗಲಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಬಂದವರ ಮೂಗಿನ ಮೇಲೆ ಚೌಕಟ್ಟು ಕೂರಿಸಿ, ಕಿವಿಯ ಹಿಂದಿನ ಕಡ್ಡಿ ಬಗ್ಗಿಸಿ, ಎರಡು ಕಣ್ಣಿನ ನಡುವಿನ ಅಂತರ ಅಳೆಯಬೇಕು. ಅದಕ್ಕೆ ಮುಖದ ಹತ್ತಿರ ಮುಖ ಒಯ್ಯಬೇಕು. ಹೆರಿಗೆಯ ನಂತರ ಅವಳ ಎರಡು ಕೆನ್ನೆಗಳ ಮೇಲೂ ಬಂಗು ಕಪ್ಪಾಗಿ ಹಬ್ಬಿತ್ತು. ಹೊಸ ಕನ್ನಡಕ ಹಾಕಿಕೊಂಡ ಒಬ್ಬ ಮುದುಕಿ, ಜಗತ್ತು ಚೆನ್ನಾಗಿ ಕಾಣುತ್ತಿದೆಯೇ ಎಂದು ಇವಳು ಕೇಳಿದಾಗ, “ನಿನ್ನ ಮುಖದ ಕಲೆ ಚೆನ್ನಾಗಿ ಕಾಣ್ತಿದೆ ಮಗಳೇ” ಎಂದಿದ್ದಳು. ಅಂಗಡಿಯೆಲ್ಲ ನಕ್ಕಿತು, ಅವಳೂ ನಕ್ಕಳು. ಆ ವಾರವೇ ಬಿಲ್ಲು ಬರೆಯುವ ಹುಡುಗಿ ಒಂದು ಬಿಳಿ ಡಬ್ಬಿ ತಂದುಕೊಟ್ಟಳು. ಮೇಲೆ ಹೆಸರಿರಲಿಲ್ಲ. ತನ್ನ ಅತ್ತಿಗೆಗೆ ಒಂದೇ ತಿಂಗಳಲ್ಲಿ ಬಂಗು ಹೋಯಿತು ಎಂದಳು. ಅವಳು ಬೆಳಿಗ್ಗೆ ಒಮ್ಮೆ, ಸಂಜೆ ಮುಖ ತೊಳೆದ ಮೇಲೆ ಒಮ್ಮೆ ಹಚ್ಚಿಕೊಳ್ಳುತ್ತಿದ್ದಳು. ಸ್ವಲ್ಪ ಉರಿಯುತ್ತಿತ್ತು. ಮಗುವಿನ ಕೈಗೆ ಸಿಗಬಾರದೆಂದು ಡಬ್ಬಿಯನ್ನು ಬೀರುವಿನ ಮೇಲೆ, ಹಿಂದಕ್ಕೆ ತಳ್ಳಿ ಇಡುತ್ತಿದ್ದಳು. ಅಂಥ ವಿಷಯದಲ್ಲಿ ಅವಳು ಬಹಳ ಜೋಪಾನ.

ಗುರುವಾರ ಹಲ್ಲುನೋವೆಂದು ಸುಳ್ಳು ಹೇಳಿ ಮಧ್ಯಾಹ್ನವೇ ಅಂಗಡಿಯಿಂದ ಹೊರಟಳು. ಬೀದಿಯ ತಿರುವಿನಲ್ಲಿ ಚಪ್ಪಲಿಯ ಸದ್ದಾಗದಂತೆ ನಡೆದದ್ದು ನೆನಪಾಗಿ ಆಮೇಲೆ ಅವಳಿಗೇ ನಾಚಿಕೆಯಾಯಿತು. ಕೆಳಮನೆಯ ಬಾಗಿಲು ತೆರೆದೇ ಇತ್ತು. ಮಗು ಮಂಚದ ಮೇಲೆ, ನಾಲ್ಕು ಮಡಿಕೆ ಮಾಡಿದ ಹಳೆಯ ಹತ್ತಿ ಬಟ್ಟೆಯ ಮೇಲೆ ಮಲಗಿತ್ತು. ಅಕ್ಕ ಪಕ್ಕದಲ್ಲಿ ಕೂತು ತಮ್ಮ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲೆ, ಕೈಗೆಟುಕುವಲ್ಲಿ, ಒಂದು ಚಿಕ್ಕ ಡಬ್ಬಿ.

ಅವಳು ನೇರ ಹೋಗಿ ಡಬ್ಬಿಯನ್ನೇ ಎತ್ತಿಕೊಂಡಳು. ಮುಚ್ಚಳ ತೆಗೆದಾಗ ಕರ್ಪೂರದ ಘಾಟು ಮೂಗಿಗೆ ಹೊಡೆಯಿತು.

“ಏನಿದು?”

“ಮಂಡಿಗೆ ಹಚ್ಕೊಳ್ಳೋ ಮುಲಾಮು. ಯಾಕಮ್ಮ, ಇಷ್ಟು ಬೇಗ ಬಂದೆ?”

“ಹಚ್ಕೊಂಡು, ಅದೇ ಕೈಯಲ್ಲಿ ಮಗೂನ ಎತ್ಕೋತೀರಾ?”

ಅಕ್ಕ ಕೈ ತೊಳೆಯುತ್ತೇನೆ ಎಂದರು. ಎರಡು ಸಲ ತೊಳೆಯುತ್ತೇನೆ, ಮಗು ಮಲಗಿದಾಗ ಮಾತ್ರ ಹಚ್ಚುತ್ತೇನೆ, ಗೀರಬಾರದೆಂದು ಉಗುರು ಕೂಡ ತೆಗೆಯುತ್ತಿದ್ದೇನೆ ಎಂದರು. ಒಂದಕ್ಕೆ ಮೂರು ಕಾರಣ ಹೇಳುವವರನ್ನು ಅವಳು ನಂಬುತ್ತಿರಲಿಲ್ಲ. ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡಳು. ಡಬ್ಬಿಯನ್ನು ಡಾಕ್ಟರಿಗೆ ತೋರಿಸುತ್ತೇನೆಂದು ಚೀಲಕ್ಕೆ ಹಾಕಿಕೊಂಡಳು.

“ನಾಳೆಯಿಂದ ಬೇರೆ ಏರ್ಪಾಡು ಮಾಡ್ಕೋತೀನಿ ಅಕ್ಕಾ.”

ಅಕ್ಕ ಕತ್ತರಿಸಿದ ಉಗುರುಗಳನ್ನು ಹಾಸಿಗೆಯ ಮೇಲಿಂದ ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಳ್ಳತೊಡಗಿದರು.

ಅಲ್ಲಿಂದ ನೇರ ಚರ್ಮದ ಡಾಕ್ಟರಮ್ಮನ ಬಳಿ ಹೋದಳು. ವಯಸ್ಸಾದವರು, ಮಾತು ಕಡಿಮೆ. ಅವಳು ಹೇಳಿದ್ದನ್ನೆಲ್ಲ ಕೇಳಿ, ಮುಲಾಮಿನ ಡಬ್ಬಿಯನ್ನು ಒಮ್ಮೆ ಮೂಸಿ ಪಕ್ಕಕ್ಕಿಟ್ಟರು. ಮಗುವಿನ ಎರಡು ಕೆನ್ನೆ, ಕಿವಿಯ ಹಿಂದೆ, ಮೊಣಕೈ, ಹೊಟ್ಟೆ ನೋಡಿದರು. ಕೈಯಿಂದ ತಗಲಿದ್ದಾದರೆ ಬೇರೆ ಕಡೆಯೂ ಇರಬೇಕಿತ್ತು, ಮಗುವನ್ನು ಎತ್ತುವುದು ಕಂಕುಳಲ್ಲಿ ಕೈಯಿಟ್ಟು ತಾನೇ, ಅಲ್ಲೆಲ್ಲ ಚೆನ್ನಾಗೇ ಇದೆಯಲ್ಲ ಎಂದರು. ಆಮೇಲೆ, “ನೀವು ಮನೇಲಿ ಹೇಗೆ ಎತ್ಕೋತೀರೋ ಹಾಗೆ ಎತ್ಕೊಳ್ಳಿ” ಎಂದರು.

ಅವಳು ಬುಗುರಿಯನ್ನು ಎಡಹೆಗಲಿಗೆ ಹಾಕಿಕೊಂಡಳು. ಬಲಗೈ ಕೆಲಸಕ್ಕೆ ಬೇಕಲ್ಲ, ಯಾವಾಗಲೂ ಎಡಹೆಗಲೇ. ಸಂಜೆ ನಿದ್ದೆ ಬರಿಸುವಾಗಲೂ ಹಾಗೇ. ಮಗು ಅಭ್ಯಾಸದಂತೆ ತಲೆ ವಾಲಿಸಿ ತನ್ನ ಎಡಗೆನ್ನೆಯನ್ನು ಅಮ್ಮನ ಎಡಗೆನ್ನೆಗೆ ಅಂಟಿಸಿಕೊಂಡು ಬೆರಳು ಚೀಪತೊಡಗಿತು.

ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಕನ್ನಡಕದ ಮೇಲಿನಿಂದ ಅವಳ ಮುಖವನ್ನೇ ನೋಡಿದರು. ಅಷ್ಟು ಹತ್ತಿರದಿಂದ ಅವಳು ಎಷ್ಟೋ ಜನರನ್ನು ನೋಡಿದ್ದಳು. ತನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

“ಮುಖಕ್ಕೆ ಏನು ಹಚ್ಕೋತೀರಿ?”

“ಏನೂ ಇಲ್ಲ” ಎಂದಳು ಅವಳು. ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಭಯವಾಯಿತು.

ಡಾಕ್ಟರಮ್ಮ ಒತ್ತಾಯಿಸಲಿಲ್ಲ. ಚೀಟಿ ಬರೆಯುತ್ತ, ಯಾರಿಗೋ ಹೇಳುವವರಂತೆ ಹೇಳಿದರು: ಮಗುವಿನ ಚರ್ಮ ನಮ್ಮದಕ್ಕಿಂತ ತೆಳು, ಹೊರಗಿದ್ದದ್ದು ಬೇಗ ಒಳಗೆ ಹೋಗುತ್ತದೆ. ದೊಡ್ಡವರಿಗೆ ಉರಿ ಬರಿಸಿ ಸುಮ್ಮನಾಗುವುದು ಮಗುವನ್ನು ಸುಡುತ್ತದೆ. ಬಂಗಿಗೆಂದು ಜನ ತರುವ ಹೆಸರಿಲ್ಲದ ಡಬ್ಬಿಯಲ್ಲಿ ಏನಿರುತ್ತದೋ ಹೇಳಲಾಗದು, ಅದು ದೊಡ್ಡವರಿಗೂ ಬೇಡ. ಮಗುವಿಗೆ ಈಗ ನೀರು, ಮೆತ್ತನೆಯ ಬಟ್ಟೆ, ಬರೆದುಕೊಟ್ಟ ಸಾದಾ ಮುಲಾಮು, ಇಷ್ಟೇ ಸಾಕು. ತಗಲುವುದು ನಿಂತರೆ ತಾನಾಗಿ ವಾಸಿಯಾಗುತ್ತದೆ, ಆಗದಿದ್ದರೆ ಹತ್ತು ದಿನ ಬಿಟ್ಟು ಬನ್ನಿ. ಚೀಟಿಯ ಜೊತೆ ಕರ್ಪೂರದ ಡಬ್ಬಿಯನ್ನೂ ಮೇಜಿನ ಈಚೆಗೆ ಸರಿಸಿದರು.

“ಇದನ್ನ ಅವರಿಗೆ ಕೊಟ್ಬಿಡಿ. ಮಂಡಿ ನೋಯ್ತಿರುತ್ತೆ.”

ಮನೆಯವರೆಗೂ ಮಗುವನ್ನು ಮುಂದಕ್ಕೆ ಮುಖ ಮಾಡಿ ಎತ್ತಿಕೊಂಡು ನಡೆದಳು. ಅದು ಹೊರಳಿ ಹೊರಳಿ ಹೆಗಲು ಹುಡುಕಿತು, ಸಿಗದೆ ಅತ್ತಿತು. ಬೇಕಿದ್ದರೆ ಬೀರುವಿನ ಮೇಲಿನ ಬಿಳಿ ಡಬ್ಬಿಯನ್ನು ಇವತ್ತೇ ಕಸಕ್ಕೆ ಎಸೆಯಬಹುದು. ಕೆನ್ನೆ ವಾಸಿಯಾಗುತ್ತದೆ. ಅಕ್ಕನ ಕೈ ತಪ್ಪಿದ ಮೇಲೆ ವಾಸಿಯಾಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಗಂಡ ಕೂಡ. ಯಾರೂ ಅವಳನ್ನು ಕೇಳುವುದಿಲ್ಲ.

ಕೆಳಮನೆಯ ಬಾಗಿಲು ಈಗ ಮುಚ್ಚಿತ್ತು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟವಳು ಹಿಂದಿರುಗಿ ಬಾಗಿಲು ತಟ್ಟಿದಳು. ಅಕ್ಕ ತೆರೆದರು, ಆದರೆ ಒಳಗೆ ಬಾ ಅನ್ನಲಿಲ್ಲ. ಮಗು ಮಾತ್ರ ಯಾರನ್ನೂ ಕೇಳದೆ ಅವರ ಕಡೆ ಜಿಗಿಯಿತು. ಅವಳು ಮುಲಾಮಿನ ಡಬ್ಬಿ ಕೊಟ್ಟಳು.

“ಒಂಚೂರು ಸೋಪು ಕೊಡ್ತೀರಾ ಅಕ್ಕಾ?”

ಹಿತ್ತಲ ನಲ್ಲಿಯ ಕೆಳಗೆ ಕೂತು ಮುಖ ತೊಳೆದಳು. ಕೆನ್ನೆ ಉರಿಯಿತು. ಮತ್ತೆ ತೊಳೆದಳು. ತಲೆಯೆತ್ತಿದಾಗ ಅಕ್ಕ ಮಗುವನ್ನು ಎತ್ತಿಕೊಂಡು ಎದುರಿಗೇ ನಿಂತಿದ್ದರು. ಹಗಲಿನ ಬೆಳಕಲ್ಲಿ ಬಂಗು, ಅದರ ಸುತ್ತ ಕೆಂಪಗೆ ಸಿಪ್ಪೆ ಎದ್ದ ಚರ್ಮ, ಎಲ್ಲ ಕಾಣುತ್ತಿರಬೇಕು. ಅಕ್ಕ ಅವಳ ಕೆನ್ನೆ ನೋಡಿದರು, ಮಗುವಿನ ಕೆನ್ನೆ ನೋಡಿದರು.

“ಮುಖಕ್ಕೆ ಏನು ಹಚ್ಕೋತೀಯ ಅಂತ ಡಾಕ್ಟರಮ್ಮ ಕೇಳಿದ್ರು” ಎಂದಳು ಅವಳು. “ಏನೂ ಇಲ್ಲ ಅಂದೆ.”

ನೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಬುಗುರಿ ಎರಡೂ ಕೈ ಚಾಚಿ ಅಮ್ಮನ ಕಡೆ ವಾಲಿತು. ಅವಳು ತೆಗೆದುಕೊಳ್ಳಲು ಎದ್ದಳು. ಅಕ್ಕ ಮಗುವನ್ನು ಬಿಗಿಯಾಗಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು.

“ಇನ್ನೊಂದು ಸಲ ತೊಳ್ಕೋ.”

ಅವಳು ನಲ್ಲಿಯ ಕೆಳಗೆ ಮತ್ತೆ ಕೂತು, ಕಣ್ಣು ಮುಚ್ಚಿ, ಸೋಪು ಹಚ್ಚಿಕೊಳ್ಳತೊಡಗಿದಳು.